ಮಳೆಗೆ ಮೊದಲೇ ಏರಿದ ಹೊಳೆ

ಚಿಕ್ಕವರೇ, ನಿಮ್ಮಕ್ಕನ ಹೊಳೆಯ ಕೆಲಸದಲ್ಲಿ ನಾನು ಮಾಡಿದ ತಪ್ಪನ್ನು ಮನೆಯಲ್ಲಿ ಎಲ್ಲರೂ ನಗುತ್ತಾ ಹೇಳುತ್ತಾರೆ. ನೀವಾಗ ಇನ್ನೂ ಸಣ್ಣವರು. ನಗುವ ಭಾಗ ನಿಮ್ಮ ಕಿವಿಗೆ ಎಷ್ಟೋ ಸಲ ಬಿದ್ದಿದೆ. ನಗು ಬಾರದ ಭಾಗವೂ ಒಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ನನಗೆ ನಾಲ್ಕು ಜನರ ಎದುರು ಬಾಯಿ ಬಿಡುವುದಕ್ಕಿಂತ ಕಾಗದದ ಮೇಲೆ ಬರೆಯುವುದು ಸುಲಭ. ಅದಕ್ಕೆ ಬರೆದಿಡುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮರುವರ್ಷ ನಾನು ಮಗಳ ಮನೆಗೆಂದು ಕಡಲು ದಾಟಿ ಈ ಲೂಕನ್‌ಗೆ ಬಂದೆ. ನಮ್ಮೂರಿನ ಶಾಲೆಯಲ್ಲಿ ಏಳನೆಯ ತರಗತಿಯ ತನಕ ಓದಿದವಳು, ಅದೂ ಕೊನೆಯ ಸಾಲಿನಲ್ಲಿ ಕೂತು. ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಇಲ್ಲಿ ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರಲ್ಲ, ಆ ಒಂದು ಮಾತನ್ನು ಗಟ್ಟಿಯಾಗಿ ಹೇಳಲು ನನಗೆ ಪೂರ್ತಿ ಒಂದು ವರ್ಷ ಹಿಡಿಯಿತು.

ನಿಮ್ಮಕ್ಕನೂ ನನ್ನ ಹಾಗೆಯೇ. ಶಾಲೆಯಲ್ಲಿ ಮಾತು ಕಡಿಮೆ. ಹದಿನೈದು ವರ್ಷದವಳಿಗೆ ಇಷ್ಟವಾಗಿದ್ದುದು ಒಂದೇ, ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು. ಇಲ್ಲಿ ದೊಡ್ಡ ಪರೀಕ್ಷೆಗಳೆರಡರ ನಡುವೆ ಮಕ್ಕಳಿಗೆ ಒಂದು ವರ್ಷ ಕೊಡುತ್ತಾರೆ, ಅದರಲ್ಲಿ ಓದಿಗಿಂತ ಕೈಕೆಲಸ ಹೆಚ್ಚು. ಮುಂದಿನ ಎರಡು ವರ್ಷ ಕಂಪ್ಯೂಟರ್ ವಿಷಯ ತೆಗೆದುಕೊಳ್ಳಬೇಕು ಎಂದು ಅವಳ ಆಸೆ. ಆ ತರಗತಿಯಲ್ಲಿ ಸೀಟು ಕಡಿಮೆ, ಕೇಳಿದವರು ಹೆಚ್ಚು. ಆ ವರ್ಷದ ಪ್ರಾಜೆಕ್ಟ್ ನೋಡಿ ಆರಿಸುತ್ತೇವೆ ಎಂದು ಅವಳ ಮೇಷ್ಟ್ರು ಹೇಳಿಬಿಟ್ಟಿದ್ದರು.

ಅವಳು ಆರಿಸಿಕೊಂಡಿದ್ದು ನಮ್ಮ ಮನೆಗಳ ಸಾಲಿನ ಹಿಂದೆ ಹರಿಯುವ ಸಣ್ಣ ಹೊಳೆಯನ್ನು. ಮಳೆ ಜೋರಾದ ಮೇಲೆ ಅದು ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಏರುತ್ತದೆ ಎಂದು ಕಂಡುಹಿಡಿಯಬೇಕು. ಮಳೆಯ ಲೆಕ್ಕ ಹವಾಮಾನದವರ ಕಡೆಯಿಂದ ತಾನಾಗಿ ಸಿಗುತ್ತಿತ್ತು. ಹೊಳೆಯ ಲೆಕ್ಕ ಮಾತ್ರ ಯಾರಾದರೂ ಹೋಗಿ ನೋಡಿಯೇ ಬರೆಯಬೇಕು. ಕಾಲುಸೇತುವೆಯ ಕಂಬಕ್ಕೆ ಸೆಂಟಿಮೀಟರ್ ಗೆರೆಗಳಿದ್ದ ಬಿಳಿ ಪಟ್ಟಿಯೊಂದನ್ನು ಕಟ್ಟಿ ಬಂದಳು. ಸೆಪ್ಟೆಂಬರ್ ಒಂದರಿಂದ ಮೂರು ತಿಂಗಳು, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ.

"ಅಜ್ಜಿ, ನೀವು ಹೇಗಿದ್ರೂ ವಾಕ್ ಹೋಗ್ತೀರಲ್ಲ," ಎಂದಳು.

"ನಿಂಗೆ ಎದ್ದೇಳೋಕೆ ಸೋಮಾರಿತನ ಅನ್ನು."

"ಅದೂ ಇದೆ," ಎಂದು ನಕ್ಕಳು.

ಹೀಗೆ ಹೊಳೆಯ ಕೆಲಸ ನನ್ನ ಪಾಲಿಗೆ ಬಂತು. ನಿಮ್ಮಮ್ಮ ಏಳಕ್ಕೆ ಸ್ಯಾಂಡಿಫರ್ಡ್‌ನ ಆಫೀಸಿಗೆ ಕಾರಿನಲ್ಲಿ ಹೊರಟ ಮೇಲೆ, ಏಳೂವರೆಗೆ ನಾನು ಹೋಗಿ, ನೀರು ಯಾವ ಗೆರೆಗೆ ಮುಟ್ಟಿದೆ ಎಂದು ನೋಡಿ, ಎಂಟರೊಳಗೆ ಬಂದು ನೋಟುಬುಕ್ಕಿನಲ್ಲಿ ಬರೆಯುವುದು. ಆಮೇಲೆ ಅಡಿಗೆಮನೆಯ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಅದನ್ನು ಕಳಿಸುವುದು.

ಕಳಿಸುವುದು ಎಂದರೆ ಏನೆಂದು ನನಗೆ ಮೊದಲು ತಿಳಿಯಲಿಲ್ಲ. ಕಪ್ಪು ಪರದೆಯ ಮೇಲೆ ಅವಳ ಪ್ರೋಗ್ರಾಂ ಎರಡೇ ಪ್ರಶ್ನೆ ಕೇಳುತ್ತಿತ್ತು. ತಾರೀಖು ಯಾವುದು? ಎತ್ತರ ಎಷ್ಟು? ನಾನು ಎರಡು ಬೆರಳಿನಲ್ಲಿ ಒತ್ತಿ ಮುಗಿಸಿದರೆ, ಪ್ರೋಗ್ರಾಂ ಅವೆರಡನ್ನೂ ಒಂದು ಸಣ್ಣ ಬರಹವಾಗಿ ಜೋಡಿಸಿ, ನಮ್ಮದೇ ಎಂಬ ಗುರುತಿಗೆ ಒಂದು ಗುಟ್ಟಿನ ಪದವನ್ನು ಸೇರಿಸಿ, ಶಾಲೆಯವರು ಗೊತ್ತುಮಾಡಿದ್ದ ಒಂದು ವೆಬ್ ಸೇವೆಗೆ ಒಪ್ಪಿಸುತ್ತಿತ್ತು. ಆ ಸೇವೆ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಕೂತು ಎಲ್ಲ ದಿನಗಳ ಲೆಕ್ಕವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದಂತೆ. ತಲುಪಿದ ಕೂಡಲೇ ಅಲ್ಲಿಂದ ಒಂದು ಅಂಕಿ ವಾಪಸು ಬರುತ್ತದೆ.

"ಇನ್ನೂರ ಒಂದು ಬಂದ್ರೆ ಹೊಸದಾಗಿ ಸೇರಿಕೊಳ್ತು ಅಂತ. ನೀವೇನೂ ಟೆನ್ಷನ್ ಮಾಡ್ಕೋಬೇಡಿ. ಗ್ರ್ಯಾಂಡ್, ಎಲ್ಲಾ ಸರಿಹೋಗುತ್ತೆ," ಎಂದು ನಿಮ್ಮಕ್ಕ ಹೇಳಿಕೊಟ್ಟಳು.

ಮೊದಲ ದಿನ ಇನ್ನೂರ ಒಂದು ಬಂದಾಗ ಅದನ್ನು ಎರಡೆರಡು ಸಲ ಓದಿದೆ. ನಾನು ಹೇಳಿದ್ದನ್ನು ಗುರುತಿಲ್ಲದ ಯಾರೋ ಕೇಳಿಸಿಕೊಂಡು, ಸರಿ ಎಂದಿದ್ದರು. ಮುಖ ನೋಡಿ ಮಾತಾಡುವ ಹಂಗಿಲ್ಲ, ಇಂಗ್ಲಿಷಿನಲ್ಲಿ ತೊದಲುವ ಹಂಗಿಲ್ಲ. ನಗಬೇಡಿ, ಅದು ನನಗೆ ದಿನದ ಸಂತೋಷವಾಗಿಬಿಟ್ಟಿತು. ಆ ಅಂಕಿಯನ್ನೂ ನೋಟುಬುಕ್ಕಿನಲ್ಲಿ ಪಕ್ಕಕ್ಕೆ ಬರೆದಿಡಲು ಶುರುಮಾಡಿದೆ.

ಇನ್ನು ತಾರೀಖಿನ ವಿಷಯ. ನಮ್ಮ ಅಡಿಗೆಮನೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇದೆಯಲ್ಲ, ತಿಥಿ ನಕ್ಷತ್ರ ಎಲ್ಲ ಇರುವುದು, ನಾನು ತಾರೀಖು ನೋಡುತ್ತಿದ್ದುದು ಅದರಲ್ಲೇ. ಹದಿನೆಂಟಕ್ಕೆ ಮದುವೆಯಾಗಿ ಹೋದ ಮನೆಯಲ್ಲಿ ಆ ಹಾಳೆ ಹರಿಯುವ ಕೆಲಸವನ್ನು ನನ್ನ ಅತ್ತೆ ನನಗೆ ವಹಿಸಿದ್ದರು. ಅದಕ್ಕೊಂದು ಕಟ್ಟು ಇತ್ತು. ಸೂರ್ಯ ಹುಟ್ಟಿದ ಮೇಲೇ ಹರಿಯಬೇಕು, ಕತ್ತಲಲ್ಲಿ ಮುಟ್ಟುವ ಹಾಗಿಲ್ಲ. ಸೂರ್ಯ ಹುಟ್ಟುವ ತನಕ ನಿನ್ನೆಯ ದಿನವೇ ನಡೆಯುತ್ತಿರುತ್ತದೆ, ತಿಥಿಯೂ ವಾರವೂ ಬದಲಾಗುವುದು ಬೆಳಕಿನ ಜೊತೆಗೆ ಎಂದೇ ನಮ್ಮಲ್ಲಿ ಎಲ್ಲರೂ ಲೆಕ್ಕ ಹಾಕುತ್ತಿದ್ದರು. ಅದು ನನಗೆ ಒಂದು ನಂಬಿಕೆ ಎಂದು ಅನ್ನಿಸಿಯೂ ಇರಲಿಲ್ಲ. ಉಸಿರಾಡುವುದಕ್ಕೆ ಯಾರಾದರೂ ಕಾರಣ ಕೇಳುತ್ತಾರೆಯೇ?

ಊರಿನಲ್ಲಿ ವರ್ಷವಿಡೀ ಆರೂಕಾಲು ಆರೂವರೆಗೆ ಬೆಳಗಾಗುತ್ತದೆ. ಇಲ್ಲಿ ಸೆಪ್ಟೆಂಬರಿನಲ್ಲಿ ಏಳೂವರೆ ಎಂದರೆ ಚೆನ್ನಾದ ಹಗಲು. ಅಕ್ಟೋಬರ್ ನಡುವಿಗೆ ಬರುತ್ತಿದ್ದಂತೆ ಏಳೂವರೆಗೂ ಕತ್ತಲೆ. ಆಮೇಲೆ ಒಂದು ಭಾನುವಾರ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಸ್ವಲ್ಪ ದಿನ ಮತ್ತೆ ಬೆಳಕು, ನವೆಂಬರ್ ನಡುವಿನಿಂದ ಮತ್ತೆ ಕತ್ತಲೆ. ನಾನು ಟಾರ್ಚ್ ಹಿಡಿದು ಹೋಗಿ ಬರುತ್ತಿದ್ದೆ. ಬಂದಾಗ ಕಿಟಕಿಯಲ್ಲಿ ಬೆಳಕಿದ್ದರೆ ಹಾಳೆ ಹರಿದು, ಹೊಸ ತಾರೀಖು ಬರೆಯುತ್ತಿದ್ದೆ. ಕತ್ತಲಿದ್ದರೆ ಹಾಳೆಯಲ್ಲಿದ್ದ ಹಿಂದಿನ ದಿನದ ತಾರೀಖನ್ನೇ ಬರೆದು ಕಳಿಸಿ, ಆಮೇಲೆ ಬೆಳಕಾದಾಗ ಹಾಳೆ ಹರಿಯುತ್ತಿದ್ದೆ.

ನೀವೀಗ ನಗುತ್ತಿದ್ದೀರಿ. ನನಗೆ ಮಾತ್ರ ಆಗ ಏನೂ ಹೊಳೆಯಲಿಲ್ಲ.

ಅಕ್ಟೋಬರ್ ನಡುವಿನಲ್ಲಿ ಒಂದು ದಿನ ಇನ್ನೂರ ಒಂದರ ಬದಲು ನಾನೂರ ಒಂಬತ್ತು ಬಂತು. ನಾನು ಭಯಬಿದ್ದು ಲ್ಯಾಪ್‌ಟಾಪನ್ನು ಮುಚ್ಚದೆ ಹಾಗೇ ಬಿಟ್ಟೆ. ಸಂಜೆ ನಿಮ್ಮಕ್ಕ ನೋಡಿ, "ಈ ದಿನದ್ದು ಆಗಲೇ ಬಂದಿದೆ, ಮತ್ತೆ ಬೇಡ ಅಂತ ಹೇಳ್ತಾ ಇದೆ. ನೀವು ಎರಡು ಸಲ ಒತ್ತಿರಬೇಕು ಅಜ್ಜಿ," ಎಂದಳು.

ಒಂದೇ ಸಲ ಒತ್ತಿದ್ದೆ. ಆದರೂ "ಇರಬೇಕು ಕಣಮ್ಮ" ಎಂದುಬಿಟ್ಟೆ. ವಾದ ಮಾಡಿ ಅಭ್ಯಾಸವಿಲ್ಲ.

ಮುಂದಿನ ವಾರ ಅದೇ ನಾನೂರ ಒಂಬತ್ತು ಮತ್ತೆ ಬಂದಾಗ ಅವಳಿಗೆ ಬೇಸರವಾಗಿ ಪ್ರೋಗ್ರಾಂ ಬದಲಾಯಿಸಿದಳು. ಮೊದಲು ಅದರಲ್ಲಿದ್ದ ಅಪ್ಪಣೆಯ ಹೆಸರು ಪೋಸ್ಟ್. ಹೊಸದಾದರೆ ಸೇರಿಸಿಕೋ, ಆಗಲೇ ಇದ್ದರೆ ಬೇಡವೆನ್ನು ಎಂದು ಆ ಸೇವೆ ಅದಕ್ಕೆ ನಡೆದುಕೊಳ್ಳುತ್ತಿತ್ತು. ಈಗ ಹಾಕಿದ್ದು ಪುಟ್. ಹೊಸದಾದರೆ ಸೇರಿಸಿಕೋ, ಆಗಲೇ ಇದ್ದರೆ ಹಳೆಯದನ್ನು ಅಳಿಸಿ ಇದನ್ನು ಇಡು. ಅಲ್ಲಿಂದ ಮೇಲೆ ತಕರಾರಿನ ಅಂಕಿ ಬರಲೇ ಇಲ್ಲ. ಆದರೆ ಕೆಲವು ದಿನ ಇನ್ನೂರ ಒಂದರ ಬದಲು ಬರೀ ಇನ್ನೂರು ಬರುತ್ತಿತ್ತು. ಹಳೆಯದೊಂದು ಅಳಿಸಿಹೋಯಿತು ಎಂದು ಅದರ ಅರ್ಥ. ನನಗೆ ಅರ್ಥ ಗೊತ್ತಿರಲಿಲ್ಲ, ಆದರೆ ಅಂಕಿ ಬೇರೆಯಾಗಿದೆ ಎಂಬುದು ಕಂಡಿತ್ತು. ಬರೆದೂ ಇಟ್ಟುಕೊಂಡೆ. ಕೇಳಲಿಲ್ಲ. ಹೆಚ್ಚು ಓದದ ಮುದುಕಿ ಅವಳ ಕೆಲಸದಲ್ಲಿ ಕೊಂಕು ಹುಡುಕಿದ ಹಾಗಾಗುತ್ತದೆ ಎಂದು ಸುಮ್ಮನಾದೆ. ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರೆ ಆಗಲೇ ಎಲ್ಲ ಹೊರಬೀಳುತ್ತಿತ್ತು.

ನವೆಂಬರಿನಲ್ಲಿ ನನಗೆ ಜ್ವರ ಬಂತು. ಒಂದು ಬೆಳಿಗ್ಗೆ ಎದ್ದು ನಿಲ್ಲಲೂ ಆಗಲಿಲ್ಲ. ಅವಳನ್ನು ಎಬ್ಬಿಸಬಹುದಿತ್ತು, ಹಿಂದಿನ ಸಂಜೆಯೆಲ್ಲ ಓದಿ ಸುಸ್ತಾಗಿ ಮಲಗಿದ್ದಳು. ಒಂದು ದಿನ ತಪ್ಪಿದರೆ ಇಡೀ ಕೆಲಸ ಕೆಟ್ಟುಹೋಗಿ ಸೀಟು ಕೈತಪ್ಪುತ್ತದೇನೋ ಎಂದು ಹೆದರಿದೆ. ಹಿಂದಿನ ದಿನ ಮೂವತ್ತೊಂದು ಇತ್ತು. ನೀರು ಅಷ್ಟೇ ಇದ್ದೀತು ಎಂದು ಮೂವತ್ತೊಂದೇ ಬರೆದೆ, ಗೋಡೆ ಹಿಡಿದುಕೊಂಡು ಕೆಳಗಿಳಿದು ಕಳಿಸಿದೆ. ಇನ್ನೂರ ಒಂದು ಬಂತು. ಸುಳ್ಳಿಗೂ ಅದೇ ಇನ್ನೂರ ಒಂದು.

ಆ ತಿಂಗಳ ಕೊನೆಯ ವಾರದಲ್ಲಿ ಮಳೆ ಹೊಯ್ದಿತು ನೋಡಿ, ಹೊಳೆ ಪಟ್ಟಿಯ ಮೇಲಿನ ತುದಿಗೆ ಬಂತು. ನಿಮ್ಮಕ್ಕನಿಗೆ ಬೇಕಾಗಿದ್ದುದೇ ಅದು. ಕುಣಿದುಕೊಂಡು ಮಳೆಯ ಗೆರೆಯನ್ನೂ ಹೊಳೆಯ ಗೆರೆಯನ್ನೂ ಒಂದೇ ಚಿತ್ರದಲ್ಲಿ ಹಾಕಿಸಿ ಗುರುವಾರ ಶಾಲೆಗೆ ಒಯ್ದಳು.

ಸಂಜೆ ಬಂದವಳು ಬ್ಯಾಗನ್ನು ಬಾಗಿಲ ಹತ್ತಿರವೇ ಎಸೆದು ಮೇಲೆ ಹೋದಳು. ನಿಮ್ಮಮ್ಮ ಹೋಗಿ ಕರೆತಂದು ಕೂರಿಸಿದ ಮೇಲೆ ತಿಳಿಯಿತು. ಮೇಷ್ಟ್ರು ಚಿತ್ರವನ್ನು ತುಂಬ ಹೊತ್ತು ನೋಡಿ ಹೇಳಿದರಂತೆ: "ನಿನ್ನ ಹೊಳೆ ಮಳೆ ಬರುವುದಕ್ಕೆ ಮುಂಚೆಯೇ ಏರುತ್ತಿದೆ. ನಡುವೆ ಕೆಲವು ದಿನ ಕಾಣೆಯಾಗಿವೆ. ಈ ಅಂಕಿಗಳು ಎಲ್ಲಿಂದ ಬಂದವು ಎಂದು ಸೋಮವಾರದೊಳಗೆ ನನಗೆ ತಿಳಿಸು. ಇಲ್ಲದಿದ್ದರೆ ಇದನ್ನು ನಾನು ಪರಿಗಣಿಸಲಾರೆ."

"ಕ್ಲಾಸಲ್ಲಿ ಎಲ್ಲರೂ ನಕ್ರು. ಮ್ಯಾಜಿಕ್ ರಿವರ್ ಅಂತೆ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಜ್ಜಿ, ನೀವು ದಿನಾ ನಿಜವಾಗ್ಲೂ ಹೋಗ್ತಿದ್ರಾ? ಇಲ್ಲಾ ಸುಮ್ನೆ ಏನೋ ಬರೀತಿದ್ರಾ?"

"ಏ, ಏನೇ ಅದು ಮಾತು!" ಎಂದು ನಿಮ್ಮಮ್ಮ ಗದರಿದಳು.

"ಹೋಗ್ತಿದ್ದೆ," ಎಂದೆ. ಜ್ವರದ ದಿನ ನೆನಪಾಯಿತು, ಆದರೂ ಅದನ್ನು ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಏಳೂಕಾಲಿಗೆ ಅವಳು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನನ್ನ ಮೇಲೆ ಅನುಮಾನವೋ, ಅಂದ ಮಾತಿಗೆ ಪಶ್ಚಾತ್ತಾಪವೋ, ನಾನು ಕೇಳಲಿಲ್ಲ. ಇಬ್ಬರೂ ಟಾರ್ಚಿನ ಬೆಳಕಿನಲ್ಲಿ ಹೋಗಿ, ಅವಳೂ ನಾನೂ ಬೇರೆಬೇರೆಯಾಗಿ ಗೆರೆ ಓದಿದೆವು. ಐವತ್ತೆರಡು. ಇಬ್ಬರದೂ ಒಂದೇ. ವಾಪಸು ಬಂದು ನಾನು ನೋಟುಬುಕ್ಕು ತೆಗೆದೆ. ಅವಳು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು.

"ಅಜ್ಜಿ, ಅದು ನಿನ್ನೆ ತಾರೀಖು."

"ಹೌದು."

"ಇವತ್ತು ಶನಿವಾರ!"

"ಆಗುತ್ತೆ ತಡಿಯೇ. ಇನ್ನೂ ಬೆಳಕೇ ಹರಿದಿಲ್ಲ."

ಅವಳು ನನ್ನನ್ನೂ ಗೋಡೆಯ ಮೇಲಿನ ಕ್ಯಾಲೆಂಡರನ್ನೂ ಕತ್ತಲ ಕಿಟಕಿಯನ್ನೂ ಒಂದೊಂದಾಗಿ ನೋಡಿದಳು. "ಓ ಮೈ ಗಾಡ್, ಅಜ್ಜಿ," ಎಂದವಳೇ ನೆಲದ ಮೇಲೆ ಕೂತು ನಗಲು ಶುರುಮಾಡಿದಳು. ನಗುತ್ತಾ ಕಣ್ಣಲ್ಲಿ ನೀರು ಬಂತು. ನಿಮ್ಮಮ್ಮ ಮೇಲಿಂದ ಇಳಿದು ಬಂದು ಏನಾಯಿತೆಂದು ಕೇಳಿದಾಗ ಇಬ್ಬರಿಗೂ ಹೇಳಲಾಗಲಿಲ್ಲ, ಒಬ್ಬಳಿಗೆ ನಗುವಿನಿಂದ, ಇನ್ನೊಬ್ಬಳಿಗೆ ನಾಚಿಕೆಯಿಂದ.

ನೋಟುಬುಕ್ಕನ್ನು ಮೇಜಿನ ಮೇಲೆ ಹರಡಿ ಕೂತೆವು. ತಾರೀಖು ಹೇಗೇ ಇರಲಿ, ದಿನಕ್ಕೊಂದು ಸಾಲು ಬಿಡದೆ ಇತ್ತು. ಒಂದೇ ತಾರೀಖು ಎರಡು ಸಲ ಬಿದ್ದಲ್ಲೆಲ್ಲ ಪಕ್ಕದಲ್ಲಿ ನಾನೂರ ಒಂಬತ್ತೋ ಇನ್ನೂರೋ ಇತ್ತು. ಸೇವೆ ಬೇಡವೆಂದದ್ದು, ತಾನೇ ಅಳಿಸಿದ್ದು, ಎಲ್ಲ ನನ್ನ ಪುಸ್ತಕದಲ್ಲಿ ಉಳಿದಿತ್ತು. ಮೊದಲ ಸಾಲನ್ನು ಸೆಪ್ಟೆಂಬರ್ ಒಂದು ಎಂದಿಟ್ಟು ಎಣಿಸುತ್ತಾ ಹೋದರೆ ಸಾಕು, ನಿಜವಾದ ತಾರೀಖು ಸಿಗುತ್ತಿತ್ತು.

"ಸರ್ ಹತ್ರ ಪ್ರೋಗ್ರಾಂ ತಪ್ಪಾಗಿತ್ತು ಅಂತ ಹೇಳ್ತೀನಿ," ಎಂದಳು ನಿಮ್ಮಕ್ಕ. "ನಿಮ್ಮ ವಿಷ್ಯ ಬೇಡ."

"ಅದು ನಿಜ ಅಲ್ವಲ್ಲ."

"ಅರ್ಧ ನಿಜ. ಪುಟ್ ಹಾಕಿದ್ದು ನಾನೇ ತಾನೆ. ಬೇಡ ಅಂತ ಅದು ಹೇಳ್ತಾ ಇತ್ತು, ನಾನು ಬಾಯಿ ಮುಚ್ಚಿಸಿದೆ."

ಭಾನುವಾರವೆಲ್ಲ ಯೋಚಿಸಿ, ನಾನೇ ಶಾಲೆಗೆ ಬರುತ್ತೇನೆ ಎಂದೆ. ನಿಮ್ಮಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. "ಅಮ್ಮ, ನೀನು ಅಂಗಡೀಲಿ ಚೀಲ ಬೇಕಾ ಅಂತ ಕೇಳಿದ್ರೆ ನನ್ನ ಹಿಂದೆ ನಿಂತ್ಕೋತೀಯ. ನಾನು ಈಮೇಲ್ ಹಾಕ್ತೀನಿ ಬಿಡು."

"ಈಮೇಲಲ್ಲಿ ಮುಖ ಕಾಣಲ್ಲ," ಎಂದೆ.

ಹೇಳಬೇಕಾದ ಮೂರು ವಾಕ್ಯಗಳನ್ನು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಕನ್ನಡ ಅಕ್ಷರದಲ್ಲೇ ಇಂಗ್ಲಿಷ್ ಬರೆದುಕೊಂಡೆ. ಎರಡು ವಾಕ್ಯ ತಾರೀಖಿನದು. ಮೂರನೆಯದು ಜ್ವರದ ದಿನದ್ದು. ಅದನ್ನು ನಿಮ್ಮಕ್ಕನಿಗೆ ತೋರಿಸಿರಲಿಲ್ಲ.

ಸೋಮವಾರ ಶಾಲೆ ಬಿಟ್ಟ ಮೇಲೆ ಹೋದೆವು. ಮೇಷ್ಟ್ರು ಎತ್ತರದ ಮನುಷ್ಯ, ಸ್ವೆಟರಿನ ತೋಳಿಗೆಲ್ಲ ಸೀಮೆಸುಣ್ಣ. ಎದ್ದು ನಿಂತು ನನಗೆ ಕುರ್ಚಿ ಎಳೆದು ಕೊಟ್ಟರು. ನಾನು ಕೂರಲಿಲ್ಲ, ಕೂತರೆ ಮತ್ತೆ ಬಾಯಿ ಏಳುವುದಿಲ್ಲ ಎಂದು ಗೊತ್ತಿತ್ತು. "ಸರ್, ಮಿಸ್ಟೇಕ್ ಈಸ್ ಮೈನ್," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಆಮೇಲೆ ಸೂರ್ಯನ ವಿಷಯ ಹೇಳಿದೆ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ನಿಮ್ಮಕ್ಕ ನಡುವೆ ಬಂದು ವಿವರಿಸಿದಳು. ಅವರು ನೋಟುಬುಕ್ಕು ತೆಗೆದುಕೊಂಡು ಬೆರಳಿಟ್ಟು ಸಾಲು ಎಣಿಸುತ್ತಾ ಬಂದರು. ನಗಲಿಲ್ಲ. "ದಿನ ಶುರುವಾಗುವುದು ಎಲ್ಲರಿಗೂ ಒಂದೇ ಹೊತ್ತಿಗೆ ಎಂದು ನೀನು ಅವರನ್ನು ಕೇಳದೆಯೇ ಅಂದುಕೊಂಡೆಯಲ್ಲ?" ಎಂದು ನಿಮ್ಮಕ್ಕನನ್ನು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ನೋಡಿ, "ಎಂಬತ್ತೊಂಬತ್ತು ದಿನ, ಒಂದೂ ತಪ್ಪಿಸಿಲ್ಲವೇ?" ಎಂದರು.

ಹೌದು ಎಂದರೆ ಮುಗಿದುಹೋಗುತ್ತಿತ್ತು. ಪಕ್ಕದಲ್ಲಿ ನಿಮ್ಮಕ್ಕ ಮುಗುಳ್ನಗುತ್ತಿದ್ದಳು, ಸೀಟು ಕೈಗೆ ಸಿಕ್ಕಿತು ಎಂಬ ಮುಖ. ನಾನು ಹಾಳೆ ತಿರುಗಿಸಿ ಎರಡನೆಯ ಮೂವತ್ತೊಂದರ ಮೇಲೆ ಬೆರಳಿಟ್ಟೆ. "ದಿಸ್ ಒನ್, ಐ ಡಿಡ್ ನಾಟ್ ಸೀ. ಫೀವರ್. ಐ ರೋಟ್ ಲೈ."

ನಿಮ್ಮಕ್ಕನ ಮುಖದಿಂದ ಆ ನಗು ಹೋಯಿತು. ಮತ್ತೆ ಅವಳ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಮೇಷ್ಟ್ರು ಆ ಸಾಲಿನ ಹತ್ತಿರಕ್ಕೆ ಬಗ್ಗಿದರು. ಆಮೇಲೆ ಪೆನ್ಸಿಲ್ ತೆಗೆದು ಅದರ ಮೇಲೆ ತೆಳ್ಳಗೆ ಒಂದು ಗೆರೆ ಎಳೆದರು. "ಖಾಲಿ ದಿನ ಖಾಲಿಯಾಗಿಯೇ ಇರಲಿ," ಎಂದು ನಿಧಾನವಾಗಿ, ನನಗೆ ತಿಳಿಯುವ ಹಾಗೆ ಹೇಳಿದರು. "ಯಾಕೆ ಖಾಲಿ ಎಂದು ವರದಿಯಲ್ಲಿ ಬರೆಯಬೇಕು. ಅಲ್ಲಿರುವುದನ್ನೆಲ್ಲ ಅಳಿಸಿ ಮೊದಲಿನಿಂದ ಕಳಿಸಿ. ಆಮೇಲೆ ನೋಡುತ್ತೇನೆ." ಸೀಟಿನ ಮಾತೇ ಎತ್ತಲಿಲ್ಲ.

ಬಸ್ಸಿನಲ್ಲಿ ನಿಮ್ಮಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಎರಡು ಸ್ಟಾಪು ಕಳೆದ ಮೇಲೆ ಅವಳೇ ತಿರುಗಿದಳು.

"ಜ್ವರ ಅಂತ ನನ್ನ ಎಬ್ಬಿಸ್ಬಾರ್ದಿತ್ತಾ?"

"ಎಬ್ಬಿಸಬೇಕಿತ್ತು."

"ನಿಮಗೆ ಜ್ವರ ಬಂದಿದ್ದು ನಂಗೆ ಗೊತ್ತೇ ಆಗ್ಲಿಲ್ಲ, ಅಜ್ಜಿ," ಎಂದಳು. ಇಂಗ್ಲಿಷಿನಲ್ಲಿ ಹೇಳಿ ಮುಗಿಸಬಹುದಾದ ಮಾತನ್ನು ತಡವರಿಸಿಕೊಂಡು ಕನ್ನಡದಲ್ಲೇ ಹೇಳಿದಳು. ಅಷ್ಟು ಸಾಕಾಯಿತು.

ಮನೆಗೆ ಹೋಗಿ ಕೋಟು ಕೂಡ ತೆಗೆಯದೆ ಕೂತೆವು. ಸೇವೆಯಲ್ಲಿದ್ದ ಹಳೆಯ ಲೆಕ್ಕವನ್ನೆಲ್ಲ ಅವಳು ಮೊದಲು ಅಳಿಸಿದಳು. ನಾನು ನೋಟುಬುಕ್ಕಿನಿಂದ ಎತ್ತರಗಳನ್ನು ಓದಿದೆ, ಅವಳು ಒಂದು ಕಡತದಲ್ಲಿ ಸಾಲಾಗಿ ಟೈಪ್ ಮಾಡಿಕೊಂಡಳು. ತಾರೀಖನ್ನು ಪ್ರೋಗ್ರಾಮೇ ಎಣಿಸಿ ಹಾಕುವಂತೆ ಬರೆದಳು. ಕಳಿಸುವ ಅಪ್ಪಣೆಯನ್ನು ಮತ್ತೆ ಪೋಸ್ಟ್ ಮಾಡಿದಳು. "ಬೇಡ ಅನ್ನೋದಿದ್ರೆ ಅನ್ಲಿ. ಈ ಸಲ ಕೇಳಿಸ್ಕೋತೀನಿ," ಎಂದಳು. ಆಮೇಲೆ ನನ್ನ ಕೈ ಹಿಡಿದು ಒತ್ತುವ ಗುಂಡಿಯ ಮೇಲೆ ಇಟ್ಟಳು.

ಒತ್ತಿದೆ. ಸೆಪ್ಟೆಂಬರ್ ಒಂದು, ಇನ್ನೂರ ಒಂದು. ಎರಡು, ಇನ್ನೂರ ಒಂದು. ಕಪ್ಪು ಪರದೆಯ ಮೇಲೆ ಸಾಲುಗಳು ಮೇಲೇರುತ್ತಾ ಹೋದವು, ಮೂರು ತಿಂಗಳ ಬೆಳಗುಗಳು ಒಂದು ನಿಮಿಷದಲ್ಲಿ. ಜ್ವರದ ದಿನದ ಹತ್ತಿರ ಒಂದು ತಾರೀಖು ಬಿಟ್ಟು ಮುಂದಕ್ಕೆ ಹೋಯಿತು. ಎಂಬತ್ತೆಂಟು ಉತ್ತರ ಬಂದವು, ತಕರಾರು ಒಂದೂ ಇರಲಿಲ್ಲ. ಆಮೇಲೆ ಅವಳು ಚಿತ್ರ ಬಿಡಿಸಿದಳು. ಮಳೆಯ ಗೆರೆ ಮೊದಲು ಏರಿತ್ತು, ಹೊಳೆಯ ಗೆರೆ ಮರುದಿನ ಬೆಳಿಗ್ಗೆ ಅದರ ಹಿಂದೆಯೇ ಬಂದಿತ್ತು. ಒಂದು ಕಡೆ ಹೊಳೆಯ ಗೆರೆ ತುಂಡಾಗಿತ್ತು. ಅದರ ಕೆಳಗೆ ಅವಳು, ಅಳತೆ ನೋಡುವವರಿಗೆ ಅಂದು ಹುಷಾರಿರಲಿಲ್ಲ, ಎಂದು ಬರೆದಳು.

ಕ್ರಿಸ್‌ಮಸ್ ರಜೆ ಕಳೆದು ಶಾಲೆ ಶುರುವಾದ ಎರಡನೆಯ ವಾರ, ಮಧ್ಯಾಹ್ನ ನಾನು ಅವರೆಕಾಳು ಹಿದುಕುತ್ತಿದ್ದೆ, ಫೋನ್ ಬಂತು. ಶಾಲೆಯ ಕಾರಿಡಾರಿನ ಗದ್ದಲ. ಆಯ್ಕೆಯಾದವರ ಪಟ್ಟಿ ಹಾಕಿದ್ದರಂತೆ.

"ಅಜ್ಜಿ, ಸಿಕ್ತು. ಸೀಟ್ ಸಿಕ್ತು!"

"ಊಟ ಮಾಡಿದ್ಯಾ?" ಎಂದೆ.

"ಇಲ್ಲ. ಮೊದ್ಲು ನಿಮಗೆ ಹೇಳೋಣ ಅಂತ," ಎಂದಳು. ಹಿಂದಿನಿಂದ ಯಾರೋ ಅವಳನ್ನು ಕೂಗಿ ಕರೆಯುತ್ತಿದ್ದರು. ಅವಳೂ ಅಷ್ಟೇ ಗಟ್ಟಿಯಾಗಿ ಅವರಿಗೆ ಉತ್ತರ ಕೊಟ್ಟಿದ್ದು ನನಗೆ ಫೋನಿನಲ್ಲಿ ಚೆನ್ನಾಗಿ ಕೇಳಿಸಿತು.